ಎರಡೊಡಲಿನ ಕಿರುದೋಣಿ: ಕಟ್ಟುವುದು, ತುಂಬುವುದು, ಗಾಳಿಗೆ ಬಿಡುವುದು

ಗೋವಾದ ಚಿಕಾಲಿಮ್ ಕೊಲ್ಲಿಯಲ್ಲಿ ನನ್ನ 7 ಮೀಟರಿನ ಹಾಯಿದೋಣಿ ದಡದಿಂದ ಸುಮಾರು 250 ಮೀಟರ್ ಆಚೆ, ತಳಕ್ಕೆ ಬಿಗಿದ ತೇಲುಗುಂಡಾದ ಬೋಯಾಕ್ಕೆ ಕಟ್ಟಿಕೊಂಡು ನಿಂತಿರುತ್ತದೆ. ಅದರ ಅಡಿ ಆಳ, ದಡಕ್ಕೆ ತರಲಾಗದು. ಮನುಷ್ಯರು, ನೀರಿನ ಕ್ಯಾನು, ಡೀಸೆಲ್, ಊಟದ ಡಬ್ಬಿ ಎಲ್ಲವೂ ಇನ್ನೊಂದು ಪುಟ್ಟ ದೋಣಿಯಲ್ಲಿ ಹೋಗಬೇಕು. ದೊಡ್ಡ ದೋಣಿಗೆ ಹೀಗೆ ಹೋಗಿಬರುವ ಕಿರುದೋಣಿಯನ್ನು ಹಾಯಿಗಾರರು ಟೆಂಡರ್ ಎನ್ನುತ್ತಾರೆ. ಮೊದಲು ನನ್ನ ಬಳಿ ಇದ್ದದ್ದು 2.4 ಮೀಟರ್ ಉದ್ದದ, ಮೊಂಡು ಮೂತಿಯ, ಒಂದೇ ಒಡಲಿನ ಟೆಂಡರ್. ಒಂದು ಜನವರಿಯ ಬೆಳಿಗ್ಗೆ ಹೊನ್ನಾವರದಿಂದ ಬಂದಿದ್ದ ನನ್ನ ಅಮ್ಮ ದಕ್ಕೆಯ ಮೆಟ್ಟಿಲಿನಿಂದ ಅದರ ಅಂಚಿನ ಮೇಲೆ ಕಾಲಿಟ್ಟರು. ದೋಣಿ ಒಮ್ಮೆಲೇ ವಾಲಿತು, ಅಮ್ಮ ಸೊಂಟದೆತ್ತರದ ನೀರಿಗೆ ಬಿದ್ದರು. ಸೇತುವೆ ಬರುವ ಮೊದಲು ಶರಾವತಿಯನ್ನು ದೋಣಿಯಲ್ಲೇ ದಾಟಿ ಬೆಳೆದವರು ಅವರು. ತಪ್ಪು ಅವರದಲ್ಲ, ದೋಣಿಯದು. ಆ ಚಳಿಗಾಲ ಮುಗಿಯುವುದರೊಳಗೆ ಎರಡೊಡಲಿನ ಟೆಂಡರ್ ಕಟ್ಟಲು ಕುಳಿತೆ.

ಕಟ್ಟಿ ಒಂಬತ್ತು ವರ್ಷವಾಯಿತು. ವಾರದ ದಿನಗಳಲ್ಲಿ ಅದು ಸಾಮಾನು ಹೊರುತ್ತದೆ, ಭಾನುವಾರ ಹಾಯಿ ಏರಿಸಿಕೊಂಡು ಓಡುತ್ತದೆ. ಇಂಥದ್ದೊಂದನ್ನು ಕಟ್ಟಬೇಕೆಂದೋ ಹಳೆಯದನ್ನು ಕೊಳ್ಳಬೇಕೆಂದೋ ಇರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಎರಡೊಡಲಿನ ದೋಣಿಗಿರುವ ಕ್ಯಾಟಮರಾನ್ ಎಂಬ ಹೆಸರು ತಮಿಳಿನ ಕಟ್ಟುಮರಂನಿಂದ ಬಂದದ್ದು, ಕನ್ನಡದ ಕಿವಿಗೆ ಅದರ ಅರ್ಥ ಹೇಳಬೇಕಾಗಿಲ್ಲ. ಆದರೆ ಕೋರಮಂಡಲ ತೀರದ ಕಟ್ಟುಮರ ಹಲವು ದಿಮ್ಮಿಗಳನ್ನು ಒತ್ತಾಗಿ ಬಿಗಿದದ್ದು. ಎರಡು ಒಡಲುಗಳ ನಡುವೆ ನೀರು ಹರಿಯಬಿಡುವ ದೋಣಿ ಪೆಸಿಫಿಕ್ ದ್ವೀಪದವರ ಕಲೆ. ಇಂಗ್ಲಿಷರು ನಮ್ಮ ಕಡೆಯ ಹೆಸರನ್ನು ಅವರ ದೋಣಿಗೆ ಇಟ್ಟರು. ಏನೇ ಆದರೂ ‘ಕಟ್ಟು’ ಎಂಬ ಮಾತು ಎರಡಕ್ಕೂ ಒಪ್ಪುತ್ತದೆ. ಅದಕ್ಕೆ ಮುಂದೆ ಬರುತ್ತೇನೆ.

ಮೊದಲು ತೂಕ

ಈ ಬಗೆಯ ದೋಣಿಯಲ್ಲಿ ಬೇರೆಲ್ಲವನ್ನೂ ಆಮೇಲೆ ತಿದ್ದಿಕೊಳ್ಳಬಹುದು, ತೂಕವನ್ನು ಮಾತ್ರ ಮೊದಲ ದಿನದಿಂದಲೇ ಕಾಯಬೇಕು. ಕಾರಣವನ್ನು ಲೆಕ್ಕದಲ್ಲೇ ತೋರಿಸುತ್ತೇನೆ.

ನನ್ನ ದೋಣಿಯ ಉದ್ದ 3.3 ಮೀಟರ್, ಒಟ್ಟು ಅಗಲ 1.6 ಮೀಟರ್. ನೀರಿನ ಮಟ್ಟದಲ್ಲಿ ಒಂದೊಂದು ಒಡಲಿನ ಅಗಲ 32 ಸೆಂಟಿಮೀಟರ್ ಮಾತ್ರ. ತುದಿಗಳ ಚೂಪನ್ನು ಕಳೆದರೆ ಎರಡೂ ಒಡಲುಗಳು ಸೇರಿ ನೀರಿನ ಮೇಲೆ ಆವರಿಸುವ ಜಾಗ ಸುಮಾರು 1.4 ಚದರ ಮೀಟರ್. ಅಂದರೆ 14 ಕಿಲೋ ಹೇರಿದರೆ ದೋಣಿ ಒಂದು ಸೆಂಟಿಮೀಟರ್ ಇಳಿಯುತ್ತದೆ. ನನ್ನ ಹಳೆಯ ಮೊಂಡು ದೋಣಿ ಇದಕ್ಕಿಂತ ಗಿಡ್ಡವಾಗಿದ್ದರೂ 1.2 ಮೀಟರ್ ಅಗಲದ ಹೊಟ್ಟೆಯಿತ್ತು, ಒಂದು ಸೆಂಟಿಮೀಟರ್ ಇಳಿಯಲು 20 ಕಿಲೋಗಿಂತ ಹೆಚ್ಚು ಬೇಕಿತ್ತು. ನೋಡಲು ದೊಡ್ಡದಾಗಿ, ಹರವಾಗಿ ಕಾಣುವ ಎರಡೊಡಲಿನ ದೋಣಿ ನಿಜಕ್ಕೂ ಹೊರುವುದು ಕಡಿಮೆ. ಎರಡು ಒಡಲುಗಳ ನಡುವೆ ಕೂರಲು ಬಿಗಿದ ವಿಶಾಲವಾದ ಬಲೆ ಎದುರಿಗಿರುವುದರಿಂದ ಇನ್ನೊಂದು ಚೀಲ, ಇನ್ನೊಬ್ಬ ಗೆಳೆಯ ಎಂದು ತುಂಬುತ್ತ ಹೋಗುತ್ತೇವೆ. ಕೂರಲು ಜಾಗವಿದೆ ಎಂದ ಮಾತ್ರಕ್ಕೆ ತೇಲಲು ಜಾಗವಿದೆ ಎಂದಲ್ಲ.

ಇದನ್ನು ನಾನು ಒಂದು ಬ್ಯಾಟರಿ ಕಳೆದುಕೊಂಡು ಕಲಿತೆ. ಇಬ್ಬರು ಮನುಷ್ಯರು, 20 ಲೀಟರಿನ ಎರಡು ನೀರಿನ ಕ್ಯಾನು, 25 ಕಿಲೋ ಬ್ಯಾಟರಿ, ಎಲ್ಲವೂ ಮುಂಭಾಗದಲ್ಲಿ. ಜುವಾರಿ ನದಿಯಲ್ಲಿ ಒಂದು ಬಾರ್ಜ್, ಅಂದರೆ ಸರಕು ಹೊರುವ ದೊಡ್ಡ ದೋಣಿ, ಹಾದುಹೋಯಿತು. ಅದರ ಅಲೆ ಬಂದಾಗ ಎರಡೂ ಮೂತಿಗಳು ಏಳದೆ ಅಲೆಯೊಳಕ್ಕೇ ನುಗ್ಗಿದವು, ನೀರು ಬಲೆಯ ಮೇಲೆ ಹರಿದು ಬ್ಯಾಟರಿಯನ್ನು ಒಯ್ದಿತು. ಅಂದು ಸಂಜೆಯೇ ಎರಡೂ ಒಡಲುಗಳ ಹೊರಮೈಗೆ ಕೆಂಪು ಬಣ್ಣದಲ್ಲಿ ಒಂದು ಗೆರೆ ಎಳೆದೆ. 170 ಕಿಲೋ ಹೇರಿದಾಗ ನೀರು ಮುಟ್ಟುವ ಮಟ್ಟ ಅದು. ಗೆರೆ ಮುಳುಗಿದರೆ ಎರಡು ಸಲ ಹೋಗಿ ಬರುತ್ತೇನೆ. ನೀವು ಯಾವ ದೋಣಿ ಕಟ್ಟಿದರೂ, ಕೊಂಡರೂ, ಮೊದಲ ದಿನ ತೂಕ ಗೊತ್ತಿರುವ ಜನರನ್ನು ಕೂರಿಸಿ ಈ ಗೆರೆಯನ್ನು ಗುರುತಿಸಿಕೊಳ್ಳಿ. ಭಾರವಾದ ಸಾಮಾನು ಒಡಲುಗಳನ್ನು ಜೋಡಿಸುವ ಎರಡು ಅಡ್ಡತೊಲೆಗಳ ನಡುವೆ, ಸ್ವಲ್ಪ ಹಿಂದಕ್ಕೆ, ಹಗ್ಗ ಹಾಕಿ ಕಟ್ಟಿರಬೇಕು.

ತೂಕದ ವಿಷಯದಲ್ಲಿ ಇಷ್ಟು ಹುಷಾರಾಗಿದ್ದರೆ ಎರಡೊಡಲು ಕೊಡುವ ಸುಖ ದೊಡ್ಡದು. 75 ಕಿಲೋ ತೂಕದವರು ಒಂದು ಒಡಲಿನ ಮೇಲೆಯೇ ನಿಂತರೂ ಆ ಒಡಲು ಹತ್ತು ಸೆಂಟಿಮೀಟರ್ ಇಳಿಯುತ್ತದೆ, ದೋಣಿ ಐದು ಡಿಗ್ರಿಯಷ್ಟೂ ವಾಲುವುದಿಲ್ಲ. ಅಮ್ಮ ಈಗಲೂ ವರ್ಷಕ್ಕೊಮ್ಮೆ ಬರುತ್ತಾರೆ. ಮುಂದಿನ ಅಡ್ಡತೊಲೆಯನ್ನು ಹಿಡಿದು, ಒಡಲಿನ ಮೇಲೆ ಒಂದು ಹೆಜ್ಜೆ ಇಟ್ಟು, ಬಲೆಯ ಮಧ್ಯಕ್ಕೆ ಹೋಗಿ ಚಕ್ಕಳಮಕ್ಕಳ ಹಾಕಿ ಕೂರುತ್ತಾರೆ. ವಯಸ್ಸಾದವರನ್ನು, ಮಕ್ಕಳನ್ನು ದೊಡ್ಡ ದೋಣಿಗೆ ಹತ್ತಿಸಬೇಕಾದವರು ಬೇರೆ ಕಾರಣ ಹುಡುಕಬೇಕಾಗಿಲ್ಲ.

ಹಲಗೆ, ಅಂಟು, ಗಾಳಿ

ಕಟ್ಟುವ ವಿಧಾನ ಹೊಲಿಗೆಯದು. ತೆಳು ಪ್ಲೈವುಡ್ಡನ್ನು ಆಕಾರಕ್ಕೆ ಕೊಯ್ದು, ಅಂಚಿನಲ್ಲಿ ರಂಧ್ರ ಕೊರೆದು, ತಾಮ್ರದ ತಂತಿಯಿಂದ ಹೊಲಿದು, ಒಳಗಿನ ಮೂಲೆಗೆ ಎಪಾಕ್ಸಿ ಎಂಬ ಅಂಟಿನಲ್ಲಿ ಮರದ ಹುಡಿ ಕಲಸಿದ ಲೇಪ ತುಂಬಿ, ಅದರ ಮೇಲೆ ಗಾಜಿನ ನಾರಿನ ಪಟ್ಟಿ ಹಾಕಬೇಕು. ಗೋವಾದ ರಂಪಣಿ ಬಲೆಯವರ ಹಳೆಯ ದೋಣಿಗಳಲ್ಲೂ ಹಲಗೆಗಳನ್ನು ಮೊಳೆಯಿಲ್ಲದೆ ತೆಂಗಿನ ನಾರಿನ ಹುರಿಯಿಂದ ಹೊಲಿದಿರುತ್ತಾರೆ. ಅಂಥ ದೋಣಿ ಕಂಡರೆ ಒಳಗೆ ಬಗ್ಗಿ ನೋಡಿ. ಹೊಲಿಗೆಯ ಅಂತರ ಎಷ್ಟು ಸಮವಾಗಿರಬೇಕೆಂಬುದಕ್ಕೆ ಅದಕ್ಕಿಂತ ಒಳ್ಳೆಯ ಪಾಠವಿಲ್ಲ.

ಪ್ಲೈವುಡ್ ಐಎಸ್ 710 ದರ್ಜೆಯದೇ, ಅಂದರೆ ದೋಣಿ ಕೆಲಸದ ಭಾರತೀಯ ಮಾನಕದ್ದೇ ಆಗಬೇಕು. 4 ಮಿಲಿಮೀಟರ್ ದಪ್ಪ ಸಾಕು, ಒಳಗಿನ ಅಡ್ಡಗೋಡೆಗಳಿಗೆ 6. ಹಾಳೆಯ ಮೇಲಿನ ಮುದ್ರೆಯನ್ನು ಮಾತ್ರ ನಂಬಬೇಡಿ. ನನಗೆ ಒಂದು ಅಂಗಡಿಯವರು ಮುದ್ರೆಯಿದ್ದ ಹಾಳೆಯನ್ನೇ ಕೊಟ್ಟರು. ಅಂಗೈಯಗಲದ ತುಂಡೊಂದನ್ನು ಹಳೆಯ ಪಾತ್ರೆಯಲ್ಲಿ ಕುದಿಸಿದಾಗ ಮೂರು ಗಂಟೆಯಲ್ಲಿ ಪದರಗಳು ಈರುಳ್ಳಿ ಸಿಪ್ಪೆಯಂತೆ ಬಿಟ್ಟುಕೊಂಡವು. ಆ ದರ್ಜೆಯ ಪರೀಕ್ಷೆಯಲ್ಲಿ 72 ಗಂಟೆ ಕುದಿಸುತ್ತಾರೆ. ಮನೆಯಲ್ಲಿ ಒಂದು ಹಗಲು ಕುದಿಸಿದರೂ ಕಳಪೆ ಮಾಲು ತಾನಾಗಿ ಬಯಲಾಗುತ್ತದೆ. ಒಂದು ಹಾಳೆ ಮಾತ್ರ ಮೊದಲು ಕೊಂಡು, ಕುದಿಸಿ ನೋಡಿ, ಉಳಿದದ್ದನ್ನು ತನ್ನಿ.

ಎಪಾಕ್ಸಿ ಕೆಲಸಕ್ಕೆ ನಮ್ಮ ತೀರದಲ್ಲಿ ಡಿಸೆಂಬರಿನಿಂದ ಫೆಬ್ರವರಿ ಒಳ್ಳೆಯ ಕಾಲ. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಗಟ್ಟಿಯಾದ ಎಪಾಕ್ಸಿಯ ಮೇಲೆ ಮೇಣದಂಥ ಜಿಡ್ಡು ಕೂರುತ್ತದೆ. ಅದನ್ನು ಹಾಗೆಯೇ ಉಜ್ಜುಕಾಗದದಿಂದ ತಿಕ್ಕಿದರೆ ಜಿಡ್ಡು ಒಳಗೇ ಸೇರಿಕೊಂಡು ಮುಂದಿನ ಪದರ ಹಿಡಿಯುವುದಿಲ್ಲ. ಮೊದಲು ನೀರು, ಪಾತ್ರೆ ತಿಕ್ಕುವ ನಾರು, ಆಮೇಲೆ ಒಣಬಟ್ಟೆ, ಕೊನೆಗೆ ಉಜ್ಜುಕಾಗದ. ಎಪಾಕ್ಸಿಯ ಎರಡು ಭಾಗಗಳಾದ ರಾಳ ಮತ್ತು ಗಟ್ಟಿಕಾರಕವನ್ನು ಅಂದಾಜಿನಲ್ಲಿ ಸುರಿಯದೆ ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿ. ಎಪಾಕ್ಸಿ ಧಾರಾಳವಾಗಿ ಬಳಿದಷ್ಟೂ ಗಟ್ಟಿ ಎಂಬ ನಂಬಿಕೆ ಎಲ್ಲರಿಗೂ ಮೊದಲು ಬರುತ್ತದೆ. ನನ್ನ ಮೊದಲ ಒಡಲು ಎರಡನೆಯದಕ್ಕಿಂತ 3 ಕಿಲೋ ಭಾರವಾದದ್ದು ಅದರಿಂದಲೇ. ಒಟ್ಟು ದೋಣಿ, ತೊಲೆ ಬಲೆ ಸೇರಿ, 50 ಕಿಲೋ ಒಳಗಿರಲಿ. ಆಗ ಇಬ್ಬರು ಎತ್ತಿ ಮರಳಿನ ಮೇಲೆ ನಡೆಯಬಹುದು.

ಒಂದೊಂದು ಒಡಲಿನೊಳಗೂ ಎರಡು ಅಡ್ಡಗೋಡೆ ಹಾಕಿ ಮೂರು ಕೋಣೆ ಮಾಡಿ. ಇದನ್ನು ಬಿಡಬೇಡಿ. ಒಂದೊಡಲಿನ ದೋಣಿಗೆ ನೀರು ತುಂಬಿದರೆ ಅದು ನೇರವಾಗಿ ಇಳಿಯುತ್ತದೆ, ಮೊಗೆದು ಹಾಕಬಹುದು. ಎರಡೊಡಲಿನದರಲ್ಲಿ ಒಂದು ಒಡಲು ತುಂಬಿದರೆ ದೋಣಿ ಆ ಕಡೆಗೆ ಉರುಳುತ್ತದೆ. ಮೂರು ಕೋಣೆಗಳಲ್ಲಿ ಒಂದು ಒಡೆದರೂ ಮನೆಗೆ ಬರಬಹುದು. ಪ್ರತಿ ಕೋಣೆಗೂ ತಿರುಪಿನ ಮುಚ್ಚಳ ಇರಲಿ. ದೋಣಿ ದಡದಲ್ಲಿರುವಾಗ ಮುಚ್ಚಳಗಳನ್ನು ತೆರೆದಿಡಿ. ಬಿಸಿಲಲ್ಲಿ ಮುಚ್ಚಿಟ್ಟ ಒಡಲಿನ ಗಾಳಿ ಹಿಗ್ಗಿ ಅಂಟಿದ ಅಂಚುಗಳನ್ನು ಒಳಗಿನಿಂದ ತಳ್ಳುತ್ತದೆ. ಹಾಗೆ ಕಾದ ಒಡಲನ್ನು ಮುಚ್ಚಳ ಹಾಕಿಯೇ ನೀರಿಗೆ ಇಳಿಸಿದರೆ ಒಳಗಿನ ಗಾಳಿ ತಣ್ಣಗಾಗಿ ಕುಗ್ಗುತ್ತದೆ, ಸೂಜಿಮೊನೆಯಷ್ಟು ತೂತಿದ್ದರೂ ಅದರಿಂದ ನೀರನ್ನು ಎಳೆದುಕೊಳ್ಳುತ್ತದೆ. ನನ್ನ ಎಡ ಒಡಲಿಗೆ ಎರಡು ವರ್ಷ ಎಲ್ಲಿಂದ ನೀರು ಬರುತ್ತಿದೆ ಎಂದು ಹುಡುಕಿದ್ದೆ. ಉತ್ತರ ಇಷ್ಟೇ ಆಗಿತ್ತು.

ಕಟ್ಟು

ಒಡಲುಗಳನ್ನು ಎರಡು ಅಲ್ಯೂಮಿನಿಯಂ ಕೊಳವೆಗಳಿಗೆ ಬೋಲ್ಟು ಹಾಕದೆ ಹಗ್ಗದಿಂದ ಕಟ್ಟಿದ್ದೇನೆ. ಬ್ರಿಟನ್ನಿನ ಜೇಮ್ಸ್ ವ್ಹಾರಮ್ ಪೆಸಿಫಿಕ್ ದ್ವೀಪದವರಿಂದ ಕಲಿತ ಈ ಕ್ರಮದಲ್ಲಿ ಸಾಗರ ದಾಟುವ ದೊಡ್ಡ ದೋಣಿಗಳನ್ನೇ ರಚಿಸಿದರು. ಬೋಲ್ಟು ತನ್ನ ರಂಧ್ರದ ಸುತ್ತಲಿನ ತೆಳು ಪ್ಲೈವುಡ್ಡನ್ನು ಕೊರೆಯುತ್ತದೆ, ಉಪ್ಪುನೀರಿನಲ್ಲಿ ಸ್ಟೀಲು ಮತ್ತು ಅಲ್ಯೂಮಿನಿಯಂ ಒಂದನ್ನೊಂದು ತಾಗಿಕೊಂಡಿದ್ದರೆ ಅಲ್ಯೂಮಿನಿಯಂ ಪುಡಿಯಾಗುತ್ತದೆ. ಹಗ್ಗ ಅಲೆಗೆ ಸ್ವಲ್ಪ ಮಣಿದು ಭಾರವನ್ನು ಹಂಚುತ್ತದೆ. 5 ಮಿಲಿಮೀಟರಿನ ಪಾಲಿಯೆಸ್ಟರ್ ಹಗ್ಗ ತನ್ನಿ, ನೈಲಾನ್ ಬೇಡ. ನೈಲಾನ್ ಒದ್ದೆಯಾದಾಗ ಹಿಗ್ಗುತ್ತದೆ. ಒಂದೊಂದು ಕಡೆ ಎಂಟು ಸುತ್ತು, ಪ್ರತಿ ಸುತ್ತನ್ನೂ ಕಾಲೂರಿ ಎಳೆದು, ಆಮೇಲೆ ಆ ಸುತ್ತುಗಳ ನಡುವೆ ಅಡ್ಡಲಾಗಿ ನಾಲ್ಕು ಸುತ್ತು ಹಾಕಿ ಬಿಗಿ ಮಾಡಿ. ಅಡ್ಡ ಸುತ್ತೇ ಕಟ್ಟಿನ ಜೀವ. ಒದ್ದೆಯಾಗಿ ಒಣಗಿದ ಮೊದಲ ದಿನ ಕಟ್ಟು ಸಡಿಲವಾಗುತ್ತದೆ, ಮರುದಿನ ಮತ್ತೆ ಬಿಗಿಯಿರಿ. ಎರಡನೆಯ ಸಲದ ಬಿಗಿತ ತಿಂಗಳುಗಟ್ಟಲೆ ನಿಲ್ಲುತ್ತದೆ. ನಮ್ಮ ಬೀದಿಯಲ್ಲಿ ಗದಗದ ಕಡೆಯಿಂದ ಬಂದು ನೆಲೆಸಿದ ಕುಟುಂಬದ ಹುಡುಗನೊಬ್ಬ ಈ ಕೆಲಸಕ್ಕೆ ಬರುತ್ತಾನೆ. ಮೊದಲ ಸಲ ನೋಡಿದಾಗಲೇ “ಕಾಕಾ, ಇದು ಚಕ್ಕಡಿಗೆ ನೊಗ ಕಟ್ಟಿದ ಹಾಗೆಯೇ ಇದೆ” ಎಂದಿದ್ದ. ಈಗ ಅವನ ಕಟ್ಟು ನನ್ನದಕ್ಕಿಂತ ಬಿಗಿ.

ಹುಟ್ಟು, ಮೋಟರು

ಟೆಂಡರ್ ಕೆಲಸಕ್ಕೆ ಹುಟ್ಟುಗಳೇ ಮುಖ್ಯ, ಮೋಟರು ಅನುಕೂಲ. ಹುಟ್ಟಿನ ಕೊಕ್ಕೆಗಳನ್ನು ಒಡಲಿನ ಹೊರ ಅಂಚಿಗೆ ಹಾಕಿದರೆ ತೀರ ದೂರವಾಗುತ್ತವೆ. ನಾನು ಒಂದು ಅಡ್ಡಪಟ್ಟಿಯ ಮೇಲೆ 1.3 ಮೀಟರ್ ಅಂತರದಲ್ಲಿ ಹಾಕಿ 2.4 ಮೀಟರಿನ ಹುಟ್ಟು ಬಳಸುತ್ತೇನೆ. ಸಣ್ಣ ಒಡಲುಗಳು ನೀರನ್ನು ಸಲೀಸಾಗಿ ಸೀಳುತ್ತವೆ. ಎದುರುಗಾಳಿಯಲ್ಲಿ ಮಾತ್ರ ಹಗುರ ದೋಣಿ ಎರಡು ಎಳೆತದ ನಡುವೆ ನಿಂತೇಬಿಡುತ್ತದೆ, ಆಗ ಚಿಕ್ಕ ಚಿಕ್ಕ ಎಳೆತ ಬೇಕು.

2.5 ಅಶ್ವಶಕ್ತಿಯ ಸಣ್ಣ ಮೋಟರು ಧಾರಾಳವಾಗಿ ಸಾಕು. ಅದನ್ನು ಹಿಂದಿನ ತೊಲೆಯ ನಡುಮಧ್ಯಕ್ಕೆ ಹಲಗೆ ಇಳಿಬಿಟ್ಟು ಕೂರಿಸಿ. ಅಲೆಯಲ್ಲಿ ದೋಣಿಯ ಹಿಂಭಾಗ ಎದ್ದಾಗ ಪಂಖ ಗಾಳಿ ನುಂಗಿ ಬರಿದೇ ಕಿರುಚುವುದು ಈ ದೋಣಿಗಳ ಸಾಮಾನ್ಯ ತೊಂದರೆ. ಹಲಗೆಯನ್ನು ತೊಲೆಗಿಂತ 5 ಸೆಂಟಿಮೀಟರ್ ತಗ್ಗಿಸಿದ ಮೇಲೆ ನನ್ನದರಲ್ಲಿ ಅದು ಬಹಳ ಮಟ್ಟಿಗೆ ನಿಂತಿತು. ಮೋಟರು ಹಾಕುವ ಮೊದಲು ಪಣಜಿಯಲ್ಲಿರುವ ಬಂದರು ಕಪ್ತಾನರ ಇಲಾಖೆಯಲ್ಲಿ ನೋಂದಣಿಯ ಬಗ್ಗೆ ವಿಚಾರಿಸಿ.

ದೊಡ್ಡ ದೋಣಿಯ ಹಿಂದೆ ಕಟ್ಟಿ ಎಳೆಯುವಾಗ ಎರಡೂ ಮೂತಿಗಳಿಂದ ಹಗ್ಗ ತಂದು ಮುಂದೆ ಒಂದಾಗಿಸಿ, ಮೋಟರನ್ನು ಮೇಲೆ ತೆಗೆದುಕೊಳ್ಳಿ. ಖಾಲಿ ದೋಣಿಯ ಬಲೆಯ ಕೆಳಗೆ ಜೋರು ಗಾಳಿ ಹೊಕ್ಕರೆ ಅದು ಮಗುಚಬಲ್ಲದು.

ಹಾಯಿ

ಕ್ರೀಡೆಗೆ ಹೆಸರಾದ ಸಣ್ಣ ಎರಡೊಡಲಿನ ದೋಣಿಗಳಲ್ಲಿ ಹೋಬಿ 16ರಷ್ಟು ಹರಡಿದ್ದು ಬೇರೆ ಇಲ್ಲ. 5 ಮೀಟರಿಗೆ ಚೂರು ಮೇಲ್ಪಟ್ಟ ಉದ್ದ, 2.4 ಮೀಟರ್ ಅಗಲ, ಸುಮಾರು 145 ಕಿಲೋ ತೂಕ. ಅದರ ಒಡಲುಗಳ ಎರಡು ಮಗ್ಗುಲು ಒಂದೇ ಬಗೆಯಾಗಿಲ್ಲ. ಹೊರಮಗ್ಗುಲು ಚಪ್ಪಟೆಯಾಗಿ ಪಕ್ಕಕ್ಕೆ ಜಾರುವುದನ್ನು ತಡೆಯುವುದರಿಂದ ನೀರಿನಲ್ಲಿ ಇಳಿಬಿಡುವ ಹಲಗೆ ಬೇಕಿಲ್ಲ, ನೇರ ಮರಳಿಗೆ ಓಡಿಸಿ ಏರಿಸಬಹುದು. ವೇಗವೇ ಮುಖ್ಯವಾದವರು, ಜೊತೆಗೆ ಇನ್ನೊಬ್ಬರು ಖಾಯಂ ಸಿಗುವವರು ಅಂಥದ್ದರ ಹಳೆಯ ದೋಣಿ ಹುಡುಕುವುದೇ ಸರಿ. ಅದನ್ನು ಟೆಂಡರ್ ಆಗಿ ಬಳಸುವ ಯೋಚನೆ ಬೇಡ. ನನ್ನಂತೆ ಒಂದರಿಂದಲೇ ಎರಡೂ ಕೆಲಸ ಆಗಬೇಕೆಂದರೆ ಹಾಯಿ ಚಿಕ್ಕದಿರಲಿ: 6 ಚದರ ಮೀಟರಿನ ಒಂದೇ ಹಾಯಿ, ಹಾಯಿ ಹೊರಲು ಎರಡು ತುಂಡಾಗಿ ಬಿಚ್ಚಬಹುದಾದ ಕೂವೆಮರ, ಒಂದು ಒಡಲಿನ ಒಳಮಗ್ಗುಲಿಗೆ ಕೀಲಿಗೆ ಕಟ್ಟಿದ ಇಳಿಹಲಗೆ.

ಕೂವೆ ನಿಲ್ಲಿಸುವ ಮೊದಲು ತಲೆಯೆತ್ತಿ ನೋಡಿ. ನಮ್ಮ ತೀರದ ಊರುಗಳಲ್ಲಿ ದಡದ ಹಾದಿಯ ಮೇಲೆಯೇ ವಿದ್ಯುತ್ ತಂತಿ ಹಾದುಹೋಗಿರುತ್ತದೆ. ಅಲ್ಯೂಮಿನಿಯಂ ಕೂವೆ ತಂತಿಗೆ ತಾಗಿದರೆ ಹಿಡಿದವರು ಬದುಕುವುದು ಕಷ್ಟ. ನಾನು ನೀರಿನಂಚಿಗೆ ಬಂದ ಮೇಲೆಯೇ ಕೂವೆ ನಿಲ್ಲಿಸುತ್ತೇನೆ, ಮನೆಗೆ ತರುವಾಗ ಮೊದಲು ಅದನ್ನೇ ಇಳಿಸುತ್ತೇನೆ.

ನವೆಂಬರಿನಿಂದ ಮೇ ತನಕ ಇಲ್ಲಿನ ಗಾಳಿಗೆ ಒಂದು ಕ್ರಮವಿದೆ. ಬೆಳಿಗ್ಗೆ ಪೂರ್ವದಿಂದ ನೆಲಗಾಳಿ, ಅದು ಸತ್ತು ಒಂದಿಷ್ಟು ಹೊತ್ತು ನಿಶ್ಚಲ, ಮಧ್ಯಾಹ್ನದ ಹೊತ್ತಿಗೆ ವಾಯವ್ಯದಿಂದ ಕಡಲಗಾಳಿ, ಮೂರು ನಾಲ್ಕು ಗಂಟೆಗೆ ಅದರ ಜೋರು. ಇದರ ಜೊತೆಗೆ ಭರತ ಇಳಿತವನ್ನು ಹೊಂದಿಸಬೇಕು. ಮಧ್ಯಾಹ್ನ ಇಳಿತವಿದ್ದರೆ ಜುವಾರಿಯ ನೀರು ಪಶ್ಚಿಮಕ್ಕೆ, ಗಾಳಿ ಪೂರ್ವಕ್ಕೆ. ಎರಡೂ ಡಿಕ್ಕಿ ಹೊಡೆದು ಗಿಡ್ಡ, ಕಡಿದಾದ ಅಲೆ ಏಳುತ್ತದೆ, ಸಣ್ಣ ಎರಡೊಡಲಿಗೆ ಅದು ತೀರ ಕೆಟ್ಟದ್ದು. ಮಧ್ಯಾಹ್ನ ಭರತ ಏರುವ ದಿನ ಆರಿಸಿಕೊಳ್ಳಿ. ಆಗ ಏನಾದರೂ ಮುರಿದರೂ ಗಾಳಿ ನೀರು ಎರಡೂ ಸೇರಿ ನಿಮ್ಮನ್ನು ಒಳಕ್ಕೆ, ಸಾವ್ ಜಾಸಿಂತೋ ದ್ವೀಪದ ಕಡೆಯ ಕೆಸರಿಗೆ ತರುತ್ತವೆ, ಅಳಿವೆಯಾಚೆಗೆ ಒಯ್ಯುವುದಿಲ್ಲ. ಮುರಗಾಂವ್ ಬಂದರಿನ ಹಡಗುಹಾದಿಯಿಂದ ದೂರವಿರಿ. ಚಿಕಾಲಿಮ್ ಕೊಲ್ಲಿಯಲ್ಲಿ ಸಿಕ್ಕಲ್ಲಿ ಲಂಗರು ಎಳೆದಾಡಬೇಡಿ. ಹಳೆಯ ಗೋವಾ ಮನೆಗಳ ಕಿಟಕಿಗೆ ಗಾಜಿನ ಬದಲು ಕೂರಿಸುತ್ತಿದ್ದ ತೆಳು ಚಿಪ್ಪಿನ ಜೀವಿಗಳು ಅಲ್ಲಿನ ಕೆಸರಿನಲ್ಲಿ ಇನ್ನೂ ಬದುಕಿವೆ.

ಒಂದೊಡಲಿನ ಹಾಯಿದೋಣಿ ನಡೆಸಿ ಬಂದವರು ಇಲ್ಲಿ ಎರಡು ಅಭ್ಯಾಸ ಬದಲಿಸಬೇಕು. ಒಂದೊಡಲಿನದು ಗಾಳಿ ಹೆಚ್ಚಿದಂತೆ ಹೆಚ್ಚು ವಾಲಿ ಎಚ್ಚರಿಸುತ್ತದೆ. ಎರಡೊಡಲಿನದು ಮಟ್ಟಸವಾಗಿಯೇ ಇದ್ದು, ಒಂದು ಒಡಲು ನೀರು ಬಿಟ್ಟೆದ್ದ ಗಳಿಗೆಯಲ್ಲಿ ತನ್ನ ಬಲವನ್ನೆಲ್ಲ ಮುಗಿಸಿಕೊಂಡಿರುತ್ತದೆ. ಮೇಲೆ ಎದ್ದಷ್ಟೂ ತಡೆಯುವ ಶಕ್ತಿ ಕಡಿಮೆ. ಆದ್ದರಿಂದ ಹಾಯಿಯ ಹಗ್ಗವನ್ನು ಎಂದೂ ಗಂಟು ಹಾಕಿ ಬಿಡಬೇಡಿ, ಕೈಯಲ್ಲೇ ಇರಲಿ. ಒಡಲು ಎದ್ದ ತಕ್ಷಣ ಒಂದು ಮೊಳ ಬಿಡಿ. ಗಾಳಿ ಪಕ್ಕದಿಂದ ಹಿಂದಕ್ಕೆ ಸರಿದಾಗ ಅಪಾಯ ಬೇರೆ: ಕೆಳಗಾಳಿಯ, ಅಂದರೆ ಗಾಳಿ ಹೋಗುವ ಕಡೆಯ ಮೂತಿ ನೀರಿಗೆ ಹೊಕ್ಕು ದೋಣಿ ಮುಂದಕ್ಕೇ ಲಾಗ ಹಾಕುತ್ತದೆ. ಆಗ ಮೈಯನ್ನು ಹಿಂದಿನ ತೊಲೆಯ ತನಕ ಒಯ್ಯಿರಿ.

ಎರಡನೆಯದು ತಿರುಗಿಸುವುದು. ಹಗುರ ದೋಣಿಗೆ ಓಟದ ಬಲ ಉಳಿಯುವುದಿಲ್ಲ, ಚುಕ್ಕಾಣಿಯನ್ನು ರಪ್ಪನೆ ತಳ್ಳಿದರೆ ಅದೇ ಕಡಿವಾಣವಾಗಿ ಗಾಳಿಗೆ ಮುಖ ಮಾಡಿ ನಿಂತುಬಿಡುತ್ತದೆ. ವೇಗ ಕೂಡಿಸಿಕೊಂಡು, ಮೆಲ್ಲಗೆ ಆರಂಭಿಸಿ ಬರಬರುತ್ತ ಹೆಚ್ಚಿಸಿ, ಮೂತಿ ಗಾಳಿಯನ್ನು ದಾಟುವಾಗ ಹಾಯಿಯನ್ನು ಸಡಿಲಿಸಿ. ನಿಂತೇ ಹೋದರೆ ಗಾಬರಿ ಬೇಡ. ದೋಣಿ ಹಿಂದಕ್ಕೆ ಜಾರತೊಡಗಿದಾಗ ಚುಕ್ಕಾಣಿಯ ಕೆಲಸ ಅದಲುಬದಲಾಗುತ್ತದೆ. ಹಿಡಿಯನ್ನು ಎದುರು ಬದಿಗೆ ತಳ್ಳಿ ಹಿಡಿದರೆ ಹಿಂಭಾಗ ತಿರುಗಿ, ಬೇಕಾದ ಮಗ್ಗುಲಿಗೆ ಗಾಳಿ ಸಿಗುತ್ತದೆ.

ಮಗುಚುವುದನ್ನು ಮೊದಲ ತಿಂಗಳಲ್ಲೇ, ಎದೆಮಟ್ಟಕ್ಕಿಂತ ಆಳದ ನೀರಿನಲ್ಲಿ, ಬೇಕೆಂದೇ ಮಾಡಿ ಕಲಿಯಿರಿ. ಕೂವೆಯ ತುದಿಗೆ ಮುಚ್ಚಳ ಬಿಗಿದ 5 ಲೀಟರಿನ ಖಾಲಿ ಕ್ಯಾನು ಕಟ್ಟಿದರೆ ದೋಣಿ ಪೂರ್ತಿ ತಲೆಕೆಳಗಾಗುವುದಿಲ್ಲ. ಮಗುಚಿದ ಮೇಲೆ ದೋಣಿಯನ್ನು ಬಿಟ್ಟು ಈಜಬೇಡಿ. ಹಾಯಿಯ ಹಗ್ಗವನ್ನು ಪೂರ್ತಿ ಬಿಡಿ, ಮೂತಿಯನ್ನು ಗಾಳಿಗೆ ಎದುರಾಗಿಸಿ, ಮೇಲಿನ ಒಡಲಿನ ಮೇಲಿಂದ ಬಂದ ಹಗ್ಗ ಹಿಡಿದು ಕೆಳಗಿನ ಒಡಲಿನ ಮೇಲೆ ನಿಂತು ಹಿಂದಕ್ಕೆ ಒರಗಿ. ಅವಸರಿಸದೆ ತೂಗಿದರೆ ಹಾಯಿಯಲ್ಲಿನ ನೀರು ಸುರಿದು ದೋಣಿ ಏಳುತ್ತದೆ. ಏಳುವಾಗ ತಲೆ ತಗ್ಗಿಸಿ ತೊಲೆಯನ್ನು ಹಿಡಿದುಕೊಳ್ಳಿ, ಇಲ್ಲದಿದ್ದರೆ ಅದು ನಿಮ್ಮನ್ನು ಬಿಟ್ಟು ಹೊರಡುತ್ತದೆ. ನನ್ನ ದೋಣಿಗೆ ನನ್ನ 72 ಕಿಲೋ ಸಾಕು. ಹೋಬಿ 16ಕ್ಕೆ ಸಾಮಾನ್ಯವಾಗಿ ಇಬ್ಬರು ಬೇಕು. ಜುವಾರಿಯ ತಗ್ಗು ನೀರಿನಲ್ಲಿ ಕೂವೆಯ ತುದಿ ಕೆಸರಿಗೆ ಚುಚ್ಚಿಕೊಳ್ಳುವುದುಂಟು. ಬಲವಂತವಾಗಿ ಎಳೆದರೆ ಕೂವೆ ಬಾಗುತ್ತದೆ. ಮೂತಿಯ ಕಡೆಗೆ ಹೋಗಿ ಜೋತುಬಿದ್ದು ದೋಣಿ ಸುತ್ತ ತಿರುಗುವ ತನಕ ಕಾಯಿರಿ, ತುದಿ ತಾನಾಗಿ ಕಳಚುತ್ತದೆ. ಲೈಫ್ ಜಾಕೆಟ್ ಮೈಮೇಲೆ, ಮೊಬೈಲ್ ನೀರು ಹೊಗದ ಚೀಲದಲ್ಲಿ, ಅದರಲ್ಲಿ ಕರಾವಳಿ ರಕ್ಷಣಾ ಪಡೆಯ ಸಹಾಯವಾಣಿ 1554.

ಮೀನುಗಾರಿಕೆ ನಿಷೇಧ ಜೂನ್ 1ಕ್ಕೆ ಶುರುವಾಗುತ್ತದೆ. ಅದಕ್ಕೆ ಹತ್ತು ದಿನ ಮೊದಲು ನಾನು ದೋಣಿಯನ್ನು ಬಿಚ್ಚುತ್ತೇನೆ. ಕಟ್ಟುಗಳನ್ನು ಕತ್ತರಿಸದೆ ಬಿಡಿಸಿ, ಸಿಹಿನೀರಿನಲ್ಲಿ ಒಂದು ರಾತ್ರಿ ನೆನೆಸಿ, ನೆರಳಲ್ಲಿ ನೇತುಹಾಕುತ್ತೇನೆ. ಬಿಸಿಲು ತಿಂದು ನವಿರೆದ್ದ ಹಗ್ಗ ಅಲ್ಲಿಗೆ ತೋಟದ ಕೆಲಸಕ್ಕೆ. ಬಲೆ ಮಡಚಿ ಮಾಳಿಗೆಗೆ. ಒಡಲುಗಳು ಮನೆಯ ಹಿಂದಿನ ಜಗುಲಿಯಲ್ಲಿ, ಹಳೆಯ ಟೈರುಗಳ ಮೇಲೆ, ಮುಚ್ಚಳ ತೆರೆದು, ಮೂತಿ ಚೂರು ತಗ್ಗಾಗಿ ಮಲಗುತ್ತವೆ. ಇಲಿ ಗೂಡು ಕಟ್ಟದಂತೆ ಪ್ರತಿ ತೂತಿಗೂ ಸೊಳ್ಳೆಪರದೆಯ ತುಂಡು ಕಟ್ಟಿರುತ್ತೇನೆ.